ಕೇರಂ ಬೋರ್ಡಿನ ಬೆನ್ನ ಮೇಲೆ ಅರಿಶಿನದ ಬೆರಳು

ಕುರ್ಲಾದ ಈ ಚಾಳಿನಲ್ಲಿ ನಲ್ಲಿಗೆ ನೀರು ಬರಲು ಇನ್ನೂ ಹೊತ್ತಿದೆ. ಕೊಡಗಳು ಆಗಲೇ ಸಾಲಿನಲ್ಲಿ ಕೂತಿವೆ, ಅವುಗಳ ಒಡತಿಯರು ಮಾತ್ರ ಎದ್ದಿಲ್ಲ. ಎರಡನೇ ಮಾಳಿಗೆಯ ಗ್ಯಾಲರಿಯ ತುದಿಯಲ್ಲಿ, ಮಂಕು ಬಲ್ಬಿನ ಕೆಳಗೆ, ಮಹಾದೇವಿ ಒಂದು ಕೇರಂ ಬೋರ್ಡಿನ ಮುಂದೆ ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬೋರ್ಡಿನ ಮೇಲೆ ಕಾಯಿಗಳಿಲ್ಲ, ಪೌಡರೂ ಇಲ್ಲ. ಇರುವುದು ಒಂದೇ ಸ್ಟ್ರೈಕರ್. ನಡುಬೆರಳನ್ನು ಹೆಬ್ಬೆರಳಿಗೆ ಬಿಗಿಹಿಡಿದು ಬಿಡುತ್ತಾರೆ. ಸ್ಟ್ರೈಕರ್ ಎದುರಿನ ಚೌಕಟ್ಟಿಗೆ ಬಡಿದು ವಾಪಸು ಬರುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ಬಂದು ನಡುವೆಲ್ಲೋ ದಣಿದು ನಿಲ್ಲುತ್ತದೆ. ಮಹಾದೇವಿ ಅದನ್ನು ನೋಡುತ್ತಿಲ್ಲ. ಕಣ್ಣು ಮುಚ್ಚಿಕೊಂಡಿದ್ದಾರೆ.

"ಕೇಳಿದ್ರ್ಯಾ ಅಣ್ಣಾರ? ಆ ಮೂಲ್ಯಾಗ ದನಿ ಬ್ಯಾರೆ ಬಂತು. ಒಳಗ ಟೊಳ್ಳ ಐತಿ."

ನನಗೆ ಎಲ್ಲ ಮೂಲೆಯೂ ಒಂದೇ ಥರ ಕೇಳಿತು. ಹಾಗೆಂದು ಹೇಳಿದಾಗ ಅವರು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಇನ್ನೊಂದು ತಾಸು ಹೋದರೆ ಮನೆಮನೆಯಲ್ಲೂ ಮಿಕ್ಸರ್ ತಿರುಗುತ್ತದೆ, ಕುಕ್ಕರ್ ಕೂಗುತ್ತದೆ, ಆಮೇಲೆ ಬೋರ್ಡು ಏನು ಹೇಳುತ್ತದೆಂದು ತನಗೂ ಕೇಳುವುದಿಲ್ಲ ಎಂದರು. ಪಕ್ಕದ ಖೋಲಿಯಿಂದ ರುದ್ರವ್ವ ತಲೆ ಹೊರಗೆ ಹಾಕಿ, "ಇಕಿ ಟಕಟಕ ಕೇಳಲಿಲ್ಲಂದ್ರ ನಮಗ ನೀರಿಗೆ ಎಚ್ಚರಾನ ಆಗಂಗಿಲ್ಲ ನೋಡ್ರಿ. ಗಡಿಯಾರಕ್ಕ ಚಾವಿ ಕೊಡಬೇಕು, ಇಕಿಗೆ ಬ್ಯಾಡ" ಎಂದು ಕೊಡ ಹುಡುಕಿಕೊಂಡು ಹೋಗುತ್ತಾಳೆ.

ಇದು ಮಹಾದೇವಿಯ ಕೆಲಸ. ಕೇರಂ ಬೋರ್ಡು ಆಟಗಾರರ ಕೈ ಸೇರುವ ಮುಂಚೆ ಅದನ್ನು ಆಡಿ ನೋಡುವುದು. ಮೊದಲು ಸ್ಟ್ರೈಕರಿನಿಂದ ನಾಲ್ಕೂ ಮೂಲೆಯ ದನಿ ಕೇಳುವುದು, ಆಮೇಲೆ ಕಾಯಿ ಜೋಡಿಸಿ ಪೂರ್ತಿ ಒಂದು ಆಟ ಒಬ್ಬರೇ ಆಡುವುದು, ಕೊನೆಗೆ ರಾಣಿಯನ್ನು ಬೋರ್ಡಿನ ಹೊಟ್ಟೆಯ ಮೇಲೆ ಬಿಟ್ಟು ಅದು ತಾನಾಗಿ ಎತ್ತಲಾದರೂ ಜಾರುತ್ತದೆಯೇ ಎಂದು ಕಾಯುವುದು. ಈ ಊರಿನ ಎಷ್ಟು ಚಾಳುಗಳಲ್ಲಿ, ಎಷ್ಟು ಆಟದ ಮಂಡಳಗಳಲ್ಲಿ ಈ ಹೆಣ್ಣುಮಗಳ ಬೆರಳು ಮುಟ್ಟಿದ ಬೋರ್ಡಿನ ಮೇಲೆ ಗಂಡಸರು ಶರ್ತು ಕಟ್ಟಿ ಆಡಿದ್ದಾರೋ, ಲೆಕ್ಕ ಇಟ್ಟವರಿಲ್ಲ. ಯಾವ ಪಂದ್ಯದ ಕಪ್ಪಿನ ಮೇಲೂ ಇವರ ಹೆಸರು ಕೆತ್ತಿಲ್ಲ. ಹೆಸರು ಬೇಡ ಬಿಡಿ. ಇದ್ದ ಒಂದು ಗುರುತನ್ನೂ ಇವರಿಂದ ಕದ್ದಿದ್ದಾರೆ. ಪತ್ರಿಕೆಗೆ ಬರೆಯುವ ನಾನು ಇಲ್ಲಿಗೆ ಬಂದದ್ದು ಅದಕ್ಕೆ.

ಮಹಾದೇವಿ ಸಿಂದಗಿ ಕಡೆಯವರು. ಮದುವೆಯಾಗಿ ಬಂದಾಗ ಗಂಡ ಅಣವೀರಪ್ಪ ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೇರಂ ಬೋರ್ಡಿನ ಚೌಕಟ್ಟು ಕೂಡಿಸುತ್ತಿದ್ದರು. ಇವರು ರೊಟ್ಟಿ ಬುತ್ತಿ ಕೊಡಲು ಹೋಗುತ್ತಿದ್ದರು, ಹೋದವರು ಸುಮ್ಮನೆ ಕೂರಲಾರದೆ ತೂತುಗಳ ಅಂಚಿಗೆ ಮರಳುಕಾಗದ ತಿಕ್ಕತೊಡಗಿದರು. ಅಲ್ಲಿ ಬೋರ್ಡು ಆಡಿ ನೋಡುತ್ತಿದ್ದವನು ದಿನವೂ ತಡವಾಗಿ ಬರುತ್ತಿದ್ದ. ಒಂದು ದಿನ ಇವರು ಬೇಸರಕ್ಕೆ ಸ್ಟ್ರೈಕರ್ ಹೊಡೆದರಂತೆ. ಕಾರ್ಖಾನೆಯ ಮಾಲೀಕರಾದ ದೊಡ್ಡ ಸೇಠ್ ಲೆಕ್ಕ ಬರೆಯುವುದು ಬಿಟ್ಟು ತಲೆ ಎತ್ತಿದರು. ಇನ್ನೊಂದು ಸಲ ಹೊಡಿ ಅಂದರು. ಅಂದಿನಿಂದ ಆಡಿ ನೋಡುವ ಕೆಲಸ ಇವರದಾಯಿತು.

"ಊರಾಗ ಗುಡಿ ಕಟ್ಟಿ ಮ್ಯಾಲ ಹುಲಿಮನಿ ಆಡಿದಾಕಿ ನಾ. ಕಲ್ಲಿನಾಗ ಕೊರದ ಮನಿ ಅವು. ನಮ್ಮಜ್ಜಿ ಆಡಿದ್ದು ಅದ, ನಾ ಆಡಿದ್ದು ಅದ. ಅದು ಡೊಂಕ ಆಗಂಗಿಲ್ಲ, ಉಬ್ಬಂಗಿಲ್ಲ. ಆಟದ ಮಣಿ ಅಂದ್ರ ಹಂಗ ಇರಬೇಕಂತ ತಿಳಕೊಂಡೇ ಬಂದೀನಿ ಈ ಊರಿಗೆ."

ದಿನವೂ ಹೊಡೆದು ಹೊಡೆದು ನಡುಬೆರಳಿನ ತುದಿ ಸೀಳಿತು. ಸೀಳಿದ ಬೆರಳಿಗೆ ಅರಿಶಿನ ಕಲಸಿ ಹಚ್ಚಿಕೊಂಡೇ ಕೆಲಸ ಮಾಡಿದರು. ಆಡಿ ಮುಗಿಸಿದ ಬೋರ್ಡನ್ನು ಎತ್ತಿ ಗೋಡೆಗೆ ಆನಿಸುವಾಗ ಹಿಂಬದಿಯ ಹಲಗೆಯ ಮೇಲೆ ಹಳದಿ ಗುರುತು ಮೂಡುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಕೊಳೆ ಮಾಡಬೇಡ ಎಂದು ಅಣವೀರಪ್ಪ ಬೈದದ್ದೂ ಉಂಟು. ಆದರೆ ಮಂಡಳದ ಹುಡುಗರು ಜಾಣರು. ಹಳದಿ ಬೆರಳಿದ್ದ ಬೋರ್ಡು ಮಳೆಗಾಲ ದಾಟಿದರೂ ನೆಟ್ಟಗಿರುತ್ತದೆ ಎಂದು ಕಂಡುಕೊಂಡರು. ಪರೇಲಿನಿಂದಲೂ ಬೊರಿವಲಿಯಿಂದಲೂ ಬಂದವರು ಮೊದಲು ಬೋರ್ಡನ್ನು ಕವುಚಿ ಹಾಕಿ ಬೆನ್ನು ನೋಡತೊಡಗಿದರು. ಬೆರಳು ಗುಣವಾದ ಮೇಲೂ ಅರಿಶಿನ ನಿಲ್ಲಲಿಲ್ಲ. ಆಡಿದ್ದಕ್ಕೆ ಹಚ್ಚುವುದು, ಆಡದ್ದಕ್ಕೆ ಹಚ್ಚದಿರುವುದು. ಅದೇ ಇವರ ರುಜು.

ಈಗ ಅಂಗಡಿಗಳಲ್ಲಿ ಏನು ಮಾರುತ್ತಿದ್ದಾರೆ, ಒಮ್ಮೆ ನೋಡಿ. ಕೇರಂ ಬೋರ್ಡು ಎಂದರೆ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ, ಮೇಲೆ ಮರದ ಚಿತ್ರ ಅಂಟಿಸಿದ ಹಲಗೆ. ಒಂದು ಮಳೆಗಾಲಕ್ಕೆ ಅದರ ಹೊಟ್ಟೆ ಉಬ್ಬುತ್ತದೆ. ಹಾವು ಏಣಿಯ ಮಡಿಕೆ ಬಿಡಿಸಿದರೆ ನಡುವೆ ಗುಡ್ಡ ಏಳುತ್ತದೆ, ಚದುರಂಗದ ಕುದುರೆ ಫ್ಯಾನಿನ ಗಾಳಿಗೇ ಬೀಳುತ್ತದೆ, ಲೂಡೋದ ದಾಳದ ಚುಕ್ಕಿ ಬೆವರಿದ ಕೈಗೆ ಅಳಿಸಿಹೋಗುತ್ತದೆ. ಪೆಟ್ಟಿಗೆಯ ಮೇಲೆ ಮಾತ್ರ ನಗುವ ಅಪ್ಪ, ನಗುವ ಅಮ್ಮ, ನಗುವ ಎರಡು ಮಕ್ಕಳು. ಮನೆಗೆ ತಂದು ಬಿಚ್ಚಿದ ಮೇಲೆ ನಗುವವರು ಅವರಷ್ಟೇ. ಆಮೇಲೆ ದೊಡ್ಡವರು ಸಭೆ ಸೇರಿ ದೂರುತ್ತೇವೆ, ಈಗಿನ ಮಕ್ಕಳಿಗೆ ಮೊಬೈಲು ಬಿಟ್ಟರೆ ಬೇರೆ ಆಟ ಬೇಡ ಎಂದು.

ಈ ಮಾತು ಎತ್ತಿದಾಗ ಮಹಾದೇವಿಗೆ ಸಿಟ್ಟು ಬಂತು. ಅಲ್ಲಿಯವರೆಗೂ ಮೆಲ್ಲಗೆ ಮಾತಾಡುತ್ತಿದ್ದವರು ಸ್ಟ್ರೈಕರನ್ನು ಬೋರ್ಡಿನ ಮೇಲೆ ಕುಕ್ಕಿದರು.

"ಮಕ್ಕಳಿಗೆ ಯಾಕ ಅಂತೀರಿ? ಕೂಸು ಆಸೇಲೆ ಹೊಡೀತೈತಿ. ಸ್ಟ್ರೈಕರ್ ನಡಬರಕ ಸತ್ತು ನಿಂದರತೈತಿ. ಮತ್ತ ಹೊಡೀತೈತಿ, ಮತ್ತ ಸಾಯತೈತಿ. ಮೂರನೇ ಸಲ ಕೂಸು ಎದ್ದು ಹೋಗ್ತೈತಿ. ನಾ ಆದ್ರೂ ಎದ್ದು ಹೋಗ್ತಿದ್ದೆ. ಮಕ್ಕಳು ಬೋರ್ಡ ಬಿಟ್ಟಿಲ್ರಿ. ಬೋರ್ಡ ಮಕ್ಕಳನ್ನ ಬಿಟ್ಟೈತಿ."

ಅಣವೀರಪ್ಪ ಬಾಗಿಲಲ್ಲಿ ಕೂತು ಚಹಾ ಆರಿಸುತ್ತಿದ್ದರು. "ಕೂಗಬ್ಯಾಡ, ಮಂದಿ ಮಲಗ್ಯಾರ" ಎಂದರು. "ಮಂದಿ ಮಲಗಿದ್ದಕ್ಕ ಇದೆಲ್ಲಾ ನಡದೈತಿ" ಎಂದು ಹೆಂಡತಿ ತಿರುಗಿ ಹೇಳಿದರು. ಅಣವೀರಪ್ಪ ಚಹಾ ಕುಡಿದರು.

ದೊಡ್ಡ ಸೇಠ್ ತೀರಿಕೊಂಡ ಮೇಲೆ ಕಾರ್ಖಾನೆ ಮಗ ಹಿತೇಶನ ಕೈಗೆ ಬಂತು. ಮೊದಲು ಗರಗಸ ನಿಂತಿತು. ಆಮೇಲೆ ಎಲ್ಲಿಂದಲೋ ಸಿದ್ಧ ಬೋರ್ಡುಗಳು ಒಳಗಿನದು ಕಾಣದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಂದಿಳಿಯತೊಡಗಿದವು. ಅಣವೀರಪ್ಪನಿಗೆ ಕೆಲಸ ಉಳಿಯಲಿಲ್ಲ. ಮಹಾದೇವಿಗೆ ಒಂದು ಮೂಲೆ ಉಳಿಯಿತು, ಹಳೆಯ ಗಿರಾಕಿಗಳಿಗಾಗಿ ಮಾಡಿದ ಕೊನೆಯ ಕೆಲವು ಬೋರ್ಡುಗಳನ್ನು ಆಡಿ ನೋಡಲು. ಹೊಸ ಬೋರ್ಡುಗಳ ಹೊದಿಕೆ ಬಿಚ್ಚುವಂತಿಲ್ಲ ಎಂದು ಅಪ್ಪಣೆಯಾಯಿತು. ಹಾಗಾಗಿ ಅವುಗಳ ಬೆನ್ನ ಮೇಲೆ ಏನಿದೆ ಎಂದು ಅವರು ನೋಡಿರಲೇ ಇಲ್ಲ.

ತೋರಿಸಿದವರು ಪರೇಲಿನ ದೂಜ. ಮೂಡುಬಿದಿರೆ ಕಡೆಯವರು, ದುಡಿಯುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದವರು. ಅವರ ಚಾಳಿನ ಕೇರಂ ಮಂಡಳವನ್ನು ವರ್ಷಗಳಿಂದ ನಡೆಸುವವರು. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಬೋರ್ಡು ಹೇರಿಕೊಂಡು ಬಂದು ಕಾರ್ಖಾನೆಯ ಬಾಗಿಲಲ್ಲಿ ಇಳಿಸಿದರು. ವಾರ್ಷಿಕ ಪಂದ್ಯದ ನಡುವೆ ಅದರ ಹೊಟ್ಟೆ ಎದ್ದಿತ್ತಂತೆ. ಹೊಡೆಯದಿದ್ದರೂ ಕಾಯಿಗಳು ಒಂದೇ ಮೂಲೆಗೆ ಹೊರಟಿದ್ದವಂತೆ. ಪಂದ್ಯ ಅರ್ಧಕ್ಕೆ ನಿಂತು, ಎರಡು ಚಾಳುಗಳ ನಡುವೆ ಹೊಡೆದಾಟವೊಂದು ಬಾಕಿ ಉಳಿದಿತ್ತು.

"ಎಂತ ಮಹಾದೇವಿಯಕ್ಕ ಇದು? ನಿಮ್ಮ ಬೆರಳು ನೋಡಿ ತಂದದ್ದು ನಾನು. ಬೇರೆ ಯಾರ ಮಾತೂ ಕೇಳ್ಲಿಲ್ಲ. ಈಗ ಮಂಡಳದಲ್ಲಿ ನನ್ನ ಮುಖಕ್ಕೇ ನಗಾಡ್ತಾರೆ. ನೀವೂ ಅವರ ಜೊತೆ ಸೇರಿದ್ರಾ?"

ಮಹಾದೇವಿ ಬೋರ್ಡನ್ನು ಕವುಚಿ ಹಾಕಿದರು. ಬೆನ್ನ ಮೇಲೆ ಹಳದಿ ಬೆರಳು ಇತ್ತು. ಅವರದೇ ಬೆರಳು, ತುದಿಯ ಸೀಳಿನ ಗೆರೆ ಸಹಿತ. ಒಂದು ಗಳಿಗೆ ತನಗೇ ಮರೆವು ಬಂತೇನೋ, ಈ ಹೆಣವನ್ನು ತಾನೇ ಪಾಸು ಮಾಡಿದೆನೇನೋ ಎಂದು ತಮ್ಮ ಮೇಲೇ ಅನುಮಾನ ಬಂತಂತೆ. ಆಮೇಲೆ ದೂಜನ ತಂಬಾಕಿನ ಡಬ್ಬಿ ಕೇಳಿದರು. ಅದರಲ್ಲಿದ್ದ ಸುಣ್ಣವನ್ನು ಉಗುರಿನಲ್ಲಿ ತೆಗೆದು, ನೀರು ಹನಿಸಿ, ಹಳದಿ ಗುರುತಿನ ಮೇಲೆ ತಿಕ್ಕಿದರು. ಹಳದಿ ಹಳದಿಯಾಗಿಯೇ ಉಳಿಯಿತು. ತನ್ನ ಮೂಲೆಯಿಂದ ತಾನು ಆಡಿ ಇಟ್ಟಿದ್ದ ಬೋರ್ಡೊಂದನ್ನು ಎಳೆದು ತಂದು ಅದಕ್ಕೂ ತಿಕ್ಕಿದರು. ಬೆರಳ ಗುರುತು ಕುಂಕುಮದ ಹಾಗೆ ಕೆಂಪಗಾಯಿತು. ಅರಿಶಿನಕ್ಕೆ ಸುಣ್ಣ ಮುಟ್ಟಿದರೆ ಕೆಂಪಾಗದೆ ಇನ್ನೇನು? ಅಂಗಳದಲ್ಲಿ ಆರತಿಯ ನೀರು ಕಲಸಿದ ಯಾವ ಹೆಂಗಸಿಗೂ ಇದು ಗೊತ್ತು. ಬೆರಳ ಗುರುತಿನ ಫೋಟೋ ತೆಗೆಸಿ ಛಾಪಿಸಿದವನಿಗೆ ಹೊಳೆದಿರಲಿಲ್ಲ.

ದೂಜ ಬಗ್ಗಿ ಎರಡೂ ಗುರುತುಗಳನ್ನು ನೋಡಿದರು. ಕೊನೆಗೆ, "ತಪ್ಪಾಯ್ತು ಅಕ್ಕಾ" ಎಂದರು. ಇವರು ಅದನ್ನು ಕೇಳಿಸಿಕೊಳ್ಳಲೂ ನಿಲ್ಲದೆ ಒಳಗೆ ಹಿತೇಶ್ ಸೇಠನ ಮೇಜಿಗೆ ಹೋದರು.

ಅಲ್ಲಿ ನಡೆದದ್ದನ್ನು ಮಹಾದೇವಿ ಎರಡು ಸಲ ಹೇಳಿದರು. ಅವನು ಹುಡುಗನಾಗಿದ್ದಾಗ ಇವರ ಬುತ್ತಿಯಿಂದ ಶೇಂಗಾ ಚಟ್ನಿ ಕೇಳಿ ತಿನ್ನುತ್ತಿದ್ದವನು. ಮೌಸಿ, ಅದು ಬೆರಳಲ್ಲ, ಡಿಸೈನು, ಗಿರಾಕಿಗಳಿಗೆ ಹಿಡಿಸಿದೆ ಎಂದನಂತೆ. ಬೇಕಾದರೆ ಪೆಟ್ಟಿಗೆಯ ಮೇಲೆ ನಿಮ್ಮ ಫೋಟೋ ಹಾಕಿಸೋಣ ಎಂದನಂತೆ. ಇನ್ನು ಮುಂದೆ ಆಡುವ ಕಷ್ಟವೂ ಬೇಡ, ಆರಾಮಾಗಿ ಕೂತು ಬೆರಳಿನ ಸ್ಟಿಕರ್ ಅಂಟಿಸಿ ಎಂದನಂತೆ.

"ಆಡಲಾರದ್ದಕ್ಕ ನನ್ನ ಬೆರಳ ಹಚ್ಚು ಅಂತಾನ ನನಗ. ಸುಳ್ಳ ಸಾಕ್ಷಿ ಹೇಳಿ ಕೂಳ ತಿನ್ನಂದಂಗ. ನಾ ಸ್ಟ್ರೈಕರ್ ಉಡ್ಯಾಗ ಹಾಕ್ಕೊಂಡು ಬಂದ್ಬಿಟ್ಟೆ. ಅದೊಂದ ನನ್ನದು ಅಲ್ಲಿ."

ಅಂದಿನಿಂದ ಕೆಲಸ ಈ ಗ್ಯಾಲರಿಗೆ ಬಂದಿದೆ. ಮಂಡಳದವರು ತಮ್ಮ ಹಳೆಯ ಬೋರ್ಡುಗಳನ್ನು ಹೊತ್ತು ತರುತ್ತಾರೆ, ಅಣವೀರಪ್ಪ ಮೇಲಿನ ಹಲಗೆ ಬದಲಿಸಿ ಚೌಕಟ್ಟು ಬಿಗಿ ಮಾಡುತ್ತಾರೆ, ಇವರು ನೀರಿಗೆ ಮುಂಚೆ ಆಡಿ ನೋಡುತ್ತಾರೆ. ದೂಜ ಒಂದೂ ಮಂಡಳ ಬಿಡದೆ ಸುಣ್ಣದ ಸುದ್ದಿ ಹಬ್ಬಿಸಿದ್ದಾರೆ. ತಂಬಾಕು ತಿನ್ನದವನೂ ಈಗ ಸುಣ್ಣದ ಡಬ್ಬಿ ಇಟ್ಟುಕೊಂಡು ಬೋರ್ಡು ಕೊಳ್ಳಲು ಹೋಗುತ್ತಾನೆ ಎಂದು ಅವರೇ ನಗುತ್ತಾರೆ. ಆದರೆ ಮಂಡಳದವರಿಗೆ ಗೊತ್ತಾದದ್ದು ಮಗುವಿನ ಹುಟ್ಟುಹಬ್ಬಕ್ಕೆ ಪೆಟ್ಟಿಗೆ ಕೊಳ್ಳುವ ಅಪ್ಪನಿಗೆ ಗೊತ್ತಾಗುವುದು ಹೇಗೆ?

ಅಂಗಡಿಯಲ್ಲಿ ಅದನ್ನು ಹೇಗೆ ಮಾರುತ್ತಾರೆಂದು ಕಣ್ಣಾರೆ ನೋಡಲು ಹಟ ಹಿಡಿದವರು ಮಹಾದೇವಿಯೇ. ಆಡಿ ಮುಗಿಸಿ, ನೀರು ತುಂಬಿ, ರೊಟ್ಟಿ ಬಡಿದಿಟ್ಟು ನನ್ನ ಜೊತೆ ಬೊರಿವಲಿಗೆ ಹೊರಟರು. ಸ್ಟೇಷನ್ನಿನ ಹೊರಗೊಂದು ದೊಡ್ಡ ಆಟಿಕೆ ಅಂಗಡಿ. ಬಾಗಿಲಲ್ಲೇ ಕೇರಂ ಬೋರ್ಡುಗಳ ರಾಶಿ. ಪ್ರತಿ ಪೆಟ್ಟಿಗೆಯ ಮೂಲೆಯಲ್ಲೂ ಹಳದಿ ಬೆರಳು. ಮಹಾದೇವಿ ಮೊದಲ ಪೆಟ್ಟಿಗೆಯ ಮುಂದೆ ಬಗ್ಗಿ ತಮ್ಮ ನಡುಬೆರಳನ್ನು ಛಾಪಿನ ಮೇಲಿಟ್ಟರು. ಅಳತೆ ಸರಿಯಾಗಿ ಕೂತಿತು. ಸೀಳಿನ ಗೆರೆಗೆ ಸೀಳಿನ ಗೆರೆ ಸೇರಿತು.

ಬಿಚ್ಚಿ ತೋರಿಸಪ್ಪಾ, ಒಂದು ಸಲ ಹೊಡೆದು ನೋಡುತ್ತೇನೆ ಎಂದು ತಮಗೆ ಬರುವ ಹಿಂದಿಯಲ್ಲಿ ಕೇಳಿದರು. ಬಿಚ್ಚಿದರೆ ಕೊಳ್ಳಬೇಕು ಎಂದ ಅಂಗಡಿಯವನು. ಇದು ಗ್ಯಾರಂಟಿ ಮಾಲು ಆಂಟಿ, ಈ ನಿಶಾನಿ ನೋಡಿ ಎಂದು ಬೆರಳಿನ ಚಿತ್ರವನ್ನು ಬೆರಳಿನ ಒಡತಿಗೇ ತೋರಿಸಿದ. ನನಗೆ ಬಾಯಿಗೆ ಬಂದದ್ದನ್ನು ಅಂದುಬಿಡುವಷ್ಟು ಸಿಟ್ಟು ಬಂತು. ಮಹಾದೇವಿ ನನ್ನ ತೋಳು ಹಿಡಿದು ಈಚೆಗೆ ಎಳೆದರು. ದುಡಿಯುವ ಹುಡುಗ, ಅವನದೇನು ತಪ್ಪು ಎಂದರು.

ವಾಪಸು ಬರುವಾಗ ಲೋಕಲಿನಲ್ಲಿ ಅವರಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಹಳ ಹೊತ್ತು ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು, ಪೆಟ್ಟಾದವರ ಹಾಗೆ. ನಿಮಗೆ ಏನಾಗಬೇಕು ಎಂದು ಕೇಳಿದೆ. ಕೆಲಸ ವಾಪಸು ಬೇಕೇ, ಪರಿಹಾರ ಬೇಕೇ, ಪತ್ರಿಕೆಯಲ್ಲಿ ಫೋಟೋ ಬರಬೇಕೇ? ಒಂದೊಂದಕ್ಕೂ ತಲೆ ಅಲ್ಲಾಡಿಸಿದರು. ಫೋಟೋ ಎಂದಾಗ ಮಾತ್ರ ತುಸು ನಕ್ಕು, ಅದನ್ನೂ ಛಾಪಿಸಿಯಾರು ಬಿಡ್ರಿ ಎಂದರು.

ಗಾಡಿ ಬದಲಿಸಬೇಕಾದ ದಾದರ್ ಹತ್ತಿರ ಬಂತು. ಅವರು ಕಿಟಕಿಯಿಂದ ಮುಖ ತಿರುಗಿಸಿದರು.

"ಮಾರಲಿ ಅಣ್ಣಾರ. ನಾ ಬ್ಯಾಡ ಅನ್ನಂಗಿಲ್ಲ. ಕೆಟ್ಟದ್ದ ಮಾಡಿ ಕೆಟ್ಟದ್ದ ಮಾರತೀವಿ ಅಂದ್ರ ಮಾರಲಿ. ತಮ್ಮ ಬೆರಳ ಹಚ್ಚಿ ಮಾರಲಿ."