ಕಾಗದದಲ್ಲಿ ಹಿಡಿಸದ ಪಾದ

ಬೆಟಗೇರಿಯ ಫೋಟೊ ಉಡಚಪ್ಪ ನೇಕಾರನ ಮಗ. ಅರಿವೆಯಲ್ಲಿ ಒಂದು ಎಳೆ ತಪ್ಪಿದರೆ ಅವನಪ್ಪ ಹೇಗೆ ಸಿಡಿಮಿಡಿಗೊಳ್ಳುತ್ತಿದ್ದನೋ, ಕಾಗದದ ಮೇಲೆ ಖಾಲಿ ಜಾಗ ಕಂಡರೆ ಮಗನಿಗೂ ಹಾಗೆಯೇ ಮೈ ಉರಿಯುತ್ತಿತ್ತು. "ಊಟಕ್ಕ ಕರದು ಅರ್ಧಾ ತಾಟು ಬಡಿಸಿದಂಗ ಆಗತೈತಿ" ಎನ್ನುತ್ತಿದ್ದ. ಆದರೆ ಅವನ ಕ್ಯಾಮೆರಾದ ಗಾಜಿನ ಫಲಕ ಉದ್ದ, ಸಪೂರ. ಪೇಟೆಯಲ್ಲಿ ಸಿಗುವ ದೊಡ್ಡ ಕಾಗದ ಗಿಡ್ಡ, ಅಗಲ. ಚಿತ್ರವನ್ನು ಕಾಗದದ ಅಗಲಕ್ಕೆ ಹಿಗ್ಗಿಸಿದರೆ ಮೇಲೆ ತಲೆಯೋ ಕೆಳಗೆ ಕಾಲೋ ಹೊರಗುಳಿಯಲೇಬೇಕು. ತಲೆ ಕಳೆಯುವಷ್ಟು ತಲೆಕೆಟ್ಟವನಲ್ಲ ಉಡಚಪ್ಪ. ಹೀಗಾಗಿ ಗದಗಿನ ವರ್ತಕರಿಂದ ಕಳಸಾಪುರದ ರೈತರ ತನಕ ಎಷ್ಟೋ ಜನ ಅವನ ಕೈಯಲ್ಲಿ ಮೊಣಕಾಲಿಗೇ ಮುಗಿದಿದ್ದರು. ಯಾರೂ ತಕರಾರು ಮಾಡಿರಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ಡೋಣಿ ಊರಿನ ಗವಿಸಿದ್ದಪ್ಪ ತಂಗಿ ಗದಿಗೆವ್ವನನ್ನು ಕರೆತಂದು ಫೋಟೊ ತೆಗೆಸಿದ. ಲಕ್ಷ್ಮೇಶ್ವರದ ವರನ ಮನೆಗೆ ಕಳಿಸಬೇಕಿತ್ತು. ಹುಡುಗಿ ಲಕ್ಷಣವಾಗಿದ್ದಳು, ಎಡಪಾದ ಮಾತ್ರ ಹುಟ್ಟಿನಿಂದ ಒಳಕ್ಕೆ ತಿರುಗಿತ್ತು. ನೋಡಲು ಬಂದವರು ಆ ಕಾಲು ಕಂಡು ಚಹಾ ಸಹ ಮುಟ್ಟದೆ ಎದ್ದು ಹೋಗಿದ್ದರು. ಈ ಸಲ ಫೋಟೊ ಮೇಲೆಯೇ ಮಾತು ಮುಗಿಸುವ ಹಂಚಿಕೆ ಅಣ್ಣನದು.

ಸಂತೆಯ ದಿನ ಇಬ್ಬರೂ ಫೋಟೊ ಒಯ್ಯಲು ಬಂದರು. ಕಾಗದದ ತುಂಬ ಗದಿಗೆವ್ವ ನಗುತ್ತಿದ್ದಳು, ಮೊಣಕಾಲಿನ ತನಕ.

"ಶಿವಾ ಕಣ್ಣು ತೆರದ ನೋಡ್ರಿ! ಕಾಲ ಇಲ್ಲ!" ಎಂದ ಗವಿಸಿದ್ದಪ್ಪ, ಖುಷಿಯಿಂದ.

"ನನ್ನ ಕಾಲು ಎಲ್ಲಿ ಹೋದುವ್ರಿ?" ಗದಿಗೆವ್ವ ಕೇಳಿದಳು.

"ಕಾಗದದಾಗ ಹಿಡಿಸಲಿಲ್ಲವ್ವಾ," ಎಂದ ಉಡಚಪ್ಪ. "ಅವನ್ನ ಹಿಡಿಸಬೇಕಂದ್ರ ನೀ ಸಣ್ಣಾಕಿ ಕಾಣತಿ, ಬಾಜೂಕ ಬಿಳೀ ಪಟ್ಟಿ ಉಳೀತೈತಿ."

"ಸಣ್ಣಾಕಿ ಕಂಡ್ರ ಕಾಣತೀನಿ ಬಿಡ್ರಿ. ಪೂರಾ ಕಾಣಬೇಕು."

"ಬಂದ ಸೋಯರಿಕಿ ಕೆಡಿಸಿಕೋಬ್ಯಾಡ," ಅಣ್ಣ ಗದರಿದ.

"ಅಣ್ಣಾ, ಈಗ ಒಲ್ಲೆ ಅಂದ್ರ ಒಂದಿನ ಅಳತೀನಿ. ಮದಿವ್ಯಾಗ ಅಕ್ಕಿಕಾಳು ಬಿದ್ದ ಮ್ಯಾಲೆ ಅವರು ಕಾಲು ನೋಡಿದ್ರ ಬಾಳೇವು ಪೂರ್ತಿ ಅಳಬೇಕು."

ಉಡಚಪ್ಪನಿಗೆ ನಾಚಿಕೆಯಾಯಿತು. ಮಂದಿಯ ಕಾಲು ಕಳೆಯುವ ಮುಂಚೆ ಅವರನ್ನೊಂದು ಮಾತು ಕೇಳಬೇಕೆಂದು ಅವನಿಗೆ ಎಂದೂ ಹೊಳೆದಿರಲಿಲ್ಲ. ಕತ್ತಲೆ ಕೋಣೆಗೆ ಹೋಗಿ ಹೊಸದಾಗಿ ಅಚ್ಚು ಹಾಕಿದ. ತಲೆಯಿಂದ ಪಾದದ ತನಕ ಇಡೀ ಗದಿಗೆವ್ವ ಬಂದಳು. ಎರಡೂ ಬದಿಗೆ ಬಿಳುಪು ಬಿಡಲು ಮನಸ್ಸಾಗದೆ ಚಿತ್ರವನ್ನು ಒಂದು ಮಗ್ಗುಲಿಗೆ ಸರಿಸಿದ್ದ; ಇನ್ನೊಂದು ಮಗ್ಗುಲು ಬರಿದಾಗಿ ಉಳಿಯಿತು. ಅದನ್ನು ಕತ್ತರಿಸಿದರೆ ಫೋಟೊ ಚೌಕಟ್ಟಿನಲ್ಲಿ ಕೂಡುತ್ತಿರಲಿಲ್ಲ. ಗವಿಸಿದ್ದಪ್ಪ ಹಣೆ ಹಣೆ ಬಡಿದುಕೊಂಡ, ಆದರೂ ತಂಗಿಯ ಮಾತು ಮೀರದೆ ಅದನ್ನೇ ಲಕ್ಷ್ಮೇಶ್ವರಕ್ಕೆ ಕಳಿಸಿದ.

ಮುಂದೆ ಒಂದು ದಿನ ರುಮಾಲು ಸುತ್ತಿದ ತರುಣನೊಬ್ಬ ಆ ಫೋಟೊ ಹಿಡಿದು ಅಂಗಡಿಗೆ ಬಂದ.

"ನಾ ಲಕ್ಷ್ಮೇಶ್ವರದ ಸಂಗಪ್ಪರಿ. ಈಕಿ ನನಗ ತೋರಿಸಿದ ಹುಡುಗಿ. ಇದನ್ನ ತಗದವರು ನೀವ ಏನ್ರಿ?"

ಸೋಯರಿಕೆ ಮುರಿಯಿತು, ಹುಡುಗಿಯ ಮಾತು ಕೇಳಿ ತಾನೇ ಕೆಡಿಸಿದೆ ಎಂದುಕೊಂಡ ಉಡಚಪ್ಪ.

"ಹೌದ್ರಿ. ಕುಂಡ್ರಿ."

ಸಂಗಪ್ಪ ಕೂಡಲಿಲ್ಲ. ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟ. "ನಾ ಆಕೀನ್ನ ಪೂರಾ ನೋಡೇನಿ. ಆಕಿ ನನ್ನ ನೋಡಬ್ಯಾಡೇನ್ರಿ? ಇಲ್ಲಿ ನನ್ನ ಅಂಟಿಸಿ ಡೋಣಿಗೆ ಕಳಸ್ರಿ. ಒಪ್ಪಿಗಿ ಐತೋ ಇಲ್ಲೋ ಆಕೀನ ಹೇಳಲಿ."

ಉಡಚಪ್ಪನಿಗೆ ಹೋದ ಜೀವ ಬಂದಂತಾಯಿತು. ಪರದೆಯ ಮುಂದೆ ಅವನನ್ನು ನಿಲ್ಲಿಸಿದ. ಸಂಗಪ್ಪ ರುಮಾಲು ಬಿಚ್ಚಿ ಕುರ್ಚಿಯ ಮೇಲಿಟ್ಟ. ಆ ವಯಸ್ಸಿಗೇ ತಲೆ ಪೂರ್ತಿ ಬೋಳಾಗಿತ್ತು.

"ಇದೂ ಬರಲ್ರಿ" ಎಂದ.

ಉಡಚಪ್ಪ ಕ್ಯಾಮೆರಾವನ್ನು ತುಸು ಹಿಂದಕ್ಕೆ ಸರಿಸಿಕೊಂಡ.