ತತ್ತಿ ಇರೋತನಕ

ಮುಡಬಿಯ ನಮ್ಮ ಹೊಲಕ್ಕೆ ಕಳೆ ತೆಗೆಯಲು ಬರುತ್ತಿದ್ದ ಆಕೆ ಯಾರ ದಾರಿಗೂ ಅಡ್ಡ ನಿಂತವಳಲ್ಲ. ಬದುವಿನ ಮೇಲೆ ಎದುರಿಗೆ ಯಾರಾದರೂ ಬಂದರೆ, ತಲೆಯ ಮೇಲೆ ಹೊರೆ ಇದ್ದರೂ ತಾನೇ ಕೆಳಗಿಳಿದು ದಾರಿ ಬಿಡುತ್ತಿದ್ದಳು.

ಒಂದು ಮಳೆಗಾಲ ತೊಗರಿ ಸಾಲಿನ ನಡುವೆ ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ತತ್ತಿಯಿಟ್ಟಿತು. ಆಕೆ ಹತ್ತಿರ ಹೋದರೆ ಸಾಕು, ಕಿರುಚುತ್ತ ತಲೆಯ ಮೇಲೆ ಎರಗುತ್ತಿತ್ತು. ಆಕೆ ಸೆರಗು ಹೊದ್ದು ಹಿಂದೆ ಸರಿದು, "ಬೈ ಯವ್ವಾ, ಬೈ" ಎಂದು ನಗುತ್ತಿದ್ದಳು. ದಿನವೂ ಅದೇ ಮಾತು. ಅಷ್ಟಗಲ ಕಳೆ ಹಾಗೇ ಬೆಳೆದು ನಿಂತಿತು; ನನಗೆ ಅದನ್ನು ಕಂಡರೆ ಸಿಟ್ಟು. ನಮ್ಮವ್ವ ಅಲ್ಲಿಯ ಕಳೆ ಯಾಕೆ ಬಿಟ್ಟೆ ಎಂದು ಕೇಳಿದಾಗ ಆಕೆ ಹೇಳಿದಳು:

"ಹೊಲಾ ಪೂರಾ ಅದರ ಮನೀನೇ ಅದರಿ ಅವ್ವಾರೆ. ಅಲ್ಲಿ ನಾವು ಬಂದ್ರೂ, ದನಾ ಬಂದ್ರೂ ಏನೂ ಅನ್ನಂಗಿಲ್ಲ. ತತ್ತಿ ಇರೋತನಕ ಇಷ್ಟು ಜಾಗದಾಗ ಮಾತ್ರ ಯಾರಿಗೂ ಬಿಡಂಗಿಲ್ಲ."

ಮರುವರ್ಷ ಆಕೆಯ ಮಗಳು ಹುಮನಾಬಾದಿನ ದವಾಖಾನೆಯಲ್ಲಿ ತಿಂಗಳು ತುಂಬುವ ಮೊದಲೇ ಹೆತ್ತಳು. ಕೂಸನ್ನು ಮನೆಗೆ ತಂದರೆಂದು ತಿಳಿದು ನಾನೂ ಅವ್ವನೂ ಕೂಸಿನ ತಲೆಗೆ ಹೊದಿಸುವ ಕುಂಚಿಗೆ ಹಿಡಿದು ನೋಡಲು ಹೋದೆವು. ಆಕೆ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದರ್ರಿ! ಒಳಗ ಯಾರೂ ಬರಬ್ಯಾಡ್ರಿ. ಕೂಸು ಇನ್ನಾ ಭಾಳ ಸಣ್ಣದದ!"

ಆಕೆಯ ದನಿ ಅಷ್ಟು ಏರಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಅವ್ವ ಕುಂಚಿಗೆಯನ್ನು ಹೊಸ್ತಿಲ ಮೇಲಿಟ್ಟಳು. ಸೆರಗು ಹೊದ್ದು ಅಂಗಳಕ್ಕೆ ಸರಿದು ನಿಂತಳು.

"ಬೈ ಯವ್ವಾ, ಬೈ" ಎಂದಳು.