ಅಕ್ಕ ನೀರು ಬಿಟ್ಟ ಎರಡು ದಿನ

ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಅಕ್ಕನ ಕೈಯಿಂದ ಗುಂಡು ಜಾರಿತು.

ಎಸೆದದ್ದಲ್ಲ. ಜಾರಿದ್ದು.

ಬೈಲಹೊಂಗಲದ ಮೈದಾನ, ಅಂಗವಿಕಲರ ಕ್ರೀಡಾಕೂಟ, ಏಪ್ರಿಲ್ ಬಿಸಿಲು. ಎರಡನೇ ವರ್ಷದಲ್ಲೇ ಪೋಲಿಯೊ ಅಕ್ಕ ಗಂಗವ್ವನ ಎರಡೂ ಕಾಲು ಕಸಿದಿತ್ತು. ಕೈಯಿಂದ ತಿರುಗಿಸುವ ಮೂರುಗಾಲಿ ಸೈಕಲ್ಲು ಅವಳಿಗೆ ಪೈಲ್ವಾನನ ತೋಳು ಕೊಟ್ಟಿತ್ತು. ಫೋಟೊ ಎಂದರೆ ಕಾಲ ಮೇಲೆ ಚಾದರ ಎಳೆದುಕೊಳ್ಳುತ್ತಿದ್ದವಳು, ಕುರ್ಚಿಗೆ ಬೆಲ್ಟು ಬಿಗಿಸಿಕೊಂಡು ಗುಂಡು ಎಸೆಯಲು ಕಲಿತ ಮೇಲೆ ತೋಳು ಮಡಚಿ ತೋರಿಸುತ್ತಿದ್ದಳು.

ಆದರೆ ಯಾವ ಮೈದಾನದಲ್ಲೂ ಅವಳು ಹೋಗಬಹುದಾದ ಪಾಯಿಖಾನೆ ಇರಲಿಲ್ಲ. ರಾಮದುರ್ಗದಲ್ಲಿ ನಾನೂ ಇನ್ನೊಬ್ಬಳೂ ಅವಳನ್ನು ಎತ್ತಿಕೊಂಡು ಬೇಲಿಯ ಮರೆಗೆ ಹೋಗುವಾಗ ಜನ ದಾರಿ ಬಿಟ್ಟು ನೋಡಿದ್ದರು.

"ನೀರು ಕುಡಿಯೂದು ಬಿಟ್ಟೇನಿ. ಅಪ್ಪಗ ಹೇಳಬ್ಯಾಡ. ಮಂದಿ ನನ್ನ ತೋಳ ನೋಡ್ಲಿ, ನಾ ಜೋತಾಡೂದು ನೋಡೂದು ಬ್ಯಾಡ" ಎಂದಿದ್ದಳು, ಬೈಲಹೊಂಗಲಕ್ಕೆ ಹೊರಡುವ ಎರಡು ದಿನ ಮೊದಲೇ.

ನಾನು ಬಿ.ಎಸ್ಸಿ. ಓದಿದವಳು. ದೇಹಕ್ಕೆ ನೀರೇಕೆ ಬೇಕೆಂದು ಪರೀಕ್ಷೆಯಲ್ಲಿ ಬರೆದವಳು. ಆದರೂ ತುಂಬಿದ ಬಾಟಲಿಯನ್ನು ಸವದತ್ತಿಯ ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಅವಳನ್ನು ಎತ್ತುವುದು ತಪ್ಪಿತಲ್ಲ ಎಂದು ನನಗೂ ಹಗುರವಾಗಿತ್ತು.

ಗುಂಡಿನ ಹಿಂದೆಯೇ ಅಕ್ಕನ ತಲೆ ವಾಲಿತು. ಮೈ ಕಾದ ಹಂಚು, ಒಂದು ಹನಿ ಬೆವರಿಲ್ಲ. ಬೆಲ್ಟು ಬಿಚ್ಚಲು ನನ್ನ ಬೆರಳುಗಳಿಗೆ ಆಗಲಿಲ್ಲ, ಯಾರೋ ಕೊಯ್ದರು. ಟ್ರ್ಯಾಕ್ಸ್ ಜೀಪಿನಲ್ಲಿ ಧಾರವಾಡದವರೆಗೆ ಅವಳು ಅಪ್ಪನನ್ನು, ಸತ್ತ ಅವ್ವನನ್ನು ಕರೆದಳು. ನನ್ನನ್ನು ಕರೆಯಲಿಲ್ಲ. ಅಪ್ಪ ಊರಿನ ಎಸ್‌ಟಿಡಿ ಬೂತಿಗೆ ಬಂದ ಫೋನಿನಿಂದ ಸುದ್ದಿ ತಿಳಿದು ನೇರ ಆಸ್ಪತ್ರೆಗೆ ಬಂದರು.

"ನೀರು ಕುಡಿದು ಎಷ್ಟೊತ್ತಾತ್ರಿ?" ಡಾಕ್ಟರು ಕೇಳಿದರು.

"ಎರಡು ದಿನ ಆತ್ರಿ" ಎಂದೆ, ಅಪ್ಪನ ಎದುರಿಗೇ.

"ಕಿಡ್ನಿಗೆ ಪೆಟ್ಟು ಬಿದ್ದೈತಿ. ಯೂರಿನ್ ಬರಬೇಕು. ಬರಲಿಲ್ಲಂದ್ರ ಡಯಾಲಿಸಿಸ್."

ಅಪ್ಪ ಔಷಧದ ಚೀಟಿ ತೆಗೆದುಕೊಂಡು ಹೊರಗೆ ಹೋದರು.

ಮೂತ್ರ ಇಳಿಸಲು ಕ್ಯಾಥೆಟರ್ ನಳಿಗೆ ಹಾಕಿದರು. ಅಕ್ಕ ಯಾರಿಗೂ ಕಾಣಬಾರದೆಂದು ಬಚ್ಚಿಟ್ಟದ್ದಕ್ಕೆ ಈಗ ಚೀಲವೊಂದು ಮಂಚಕ್ಕೆ ಜೋತುಬಿದ್ದಿತ್ತು, ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು. ಎರಡು ದಿನವಿಡೀ ಅದರ ತಳ ಕಾಣುತ್ತಿತ್ತು. ಮೂರನೇ ದಿನ ಅದು ತುಂಬತೊಡಗಿತು. ಉಗರಗೋಳದಿಂದ ಬಂದ ದೊಡ್ಡವ್ವ, "ಎಷ್ಟ ಬಂತವಾ?" ಎಂದು ಕನ್ನಡಕ ಏರಿಸಿದಳು.

ಅಕ್ಕ ಕಣ್ಣು ತೆರೆದಳು. "ದೊಡ್ಡವ್ವ ನನ್ನ ಉಚ್ಚಿ ನೋಡಾಕ ಅಲ್ಲಿಂದ ಬಂದಾಳ. ಕುಂಕುಮ ಹಚ್ಚಿ ಕಳಸ್ರಿ."

ಅಪ್ಪ ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ನಿಂತರು.

ಮನೆಗೆ ಬಂದ ಮೇಲೂ ಅಕ್ಕನ ರಕ್ತದಲ್ಲಿ ಕಿಡ್ನಿಯ ಪೆಟ್ಟು ತೋರಿಸುವ ಕ್ರಿಯಾಟಿನಿನ್ ಪೂರ್ತಿ ಇಳಿಯಲಿಲ್ಲ. ರಾತ್ರಿ ನಾನು ಕಣ್ಣು ಮುಚ್ಚಿದರೆ ಗುಂಡು ಜಾರುತ್ತಿತ್ತು. ಎದ್ದು ಅವಳ ಉಸಿರು ಕೇಳುತ್ತಿದ್ದೆ. ನಾನು ಎದ್ದದ್ದು ತಿಳಿದು ಅವಳೂ ಮಲಗುತ್ತಿರಲಿಲ್ಲ.

ನಾಲ್ಕು ತಿಂಗಳ ಮೇಲೆ, ಅವಳು ಮತ್ತೆ ಗುಂಡು ಎಸೆಯಲು ಡಾಕ್ಟರು ಒಪ್ಪಿದರು. ತಂಡದ ಆಯ್ಕೆಗೆಂದು ಕಿತ್ತೂರಿನ ಮೈದಾನಕ್ಕೆ ಹೋದೆವು. ಅಕ್ಕ ಬೆಳಗಿನಿಂದ ನೀರು ಕುಡಿಯುತ್ತಲೇ ಇದ್ದಳು. ಅವಳ ಸರದಿಗೆ ಮೊದಲು, ಒಂದೇ ಕೈಯ ಓಟಗಾರ್ತಿ ಶಾಂತಾಳನ್ನು ಎಲ್ಲರಿಗೂ ಕೇಳುವಂತೆ ಕೂಗಿದಳು.

"ಏ ಶಾಂತಾ, ನನ್ನ ಹೊತ್ಕೊಂಡು ನಡಿ. ಜೋರ ಬಂದೈತಿ."

"ಎಮ್ಮಿ ಆಗೀದಿ. ಒಂದ ಕೈಯಾಗ ಹ್ಯಾಂಗ ಎತ್ತಲಿ?"

"ಬೆನ್ನ ಐತೆಲ್ಲ."

ನಾನು ಎದ್ದೆ. "ನೀ ಕುಂದ್ರು" ಎಂದಳು ಅಕ್ಕ. ಶಾಂತಾಳ ಬೆನ್ನೇರಿ ಹೋದಳು. ಜನ ನೋಡಿದರು. ಅವಳು ಕೈ ಬೀಸಿ, "ಸರೀರಿ, ಸರೀರಿ" ಎಂದಳು.

ಎಸೆತ ಅಷ್ಟಕ್ಕಷ್ಟೇ. ಆಯ್ಕೆಯಾಗಲಿಲ್ಲ.

ಅಂದು ರಾತ್ರಿ ಊರಿಗೆ ಬಂದು ಮಲಗಿದ ನನಗೆ ಎಚ್ಚರವಾದಾಗ ಹಾಸಿಗೆಯ ಮೇಲೆ ಬಿಸಿಲಿತ್ತು. ಅಕ್ಕ ಇನ್ನೂ ಗೊರಕೆ ಹೊಡೆಯುತ್ತಿದ್ದಳು.